ಮಣ್ಣಿನ ಬ್ಲಾಕು ನಡೆದು ಬಂದ ದಾರಿ

ಹೊಲದಿಂದ ಒಣಗಿದ ಮಣ್ಣಿನ ಹೆಂಟೆಯೊಂದನ್ನು ತಂದು ಕೈಯಲ್ಲಿ ಮುರಿಯಲು ಯತ್ನಿಸಿ. ಸುಲಭವಾಗಿ ಮುರಿಯದು. ಅದನ್ನೇ ಬೋಗುಣಿಯ ನೀರಿನಲ್ಲಿಡಿ. ಸ್ವಲ್ಪ ಹೊತ್ತಿನಲ್ಲೇ ಅಂಚು ಕಳಚಿ, ಕುಸಿದು ಕೆಸರಾಗುತ್ತದೆ. ಒಣ ಹೆಂಟೆಯಲ್ಲಿ ಜೇಡಿಯ ಕಣಗಳ ನಡುವೆ ತೆಳುವಾದ ನೀರಿನ ಪೊರೆ ಉಳಿದಿರುತ್ತದೆ. ಅದರ ಮೇಲ್ಮೈ ಎಳೆತವು ಕಣಗಳನ್ನು ಹತ್ತಿರಕ್ಕೆ ಸೆಳೆದಿರುತ್ತದೆ. ನೀರು ಹೆಚ್ಚಾದರೆ ಈ ಸೆಳೆತವೇ ಇಲ್ಲವಾಗುತ್ತದೆ. ಮಣ್ಣಿನ ಗೋಡೆಯ ತೊಂದರೆಯೂ ಇದೇ.

ಸಾವಿರಾರು ಜನರಿಗೆ ಸರ್ಕಾರವೇ ಮನೆ ಕಟ್ಟಿಕೊಡಬೇಕಾಗಿ ಬಂದಾಗ ಈ ತೊಂದರೆಗೆ ಪರಿಹಾರ ಹುಡುಕಲೇಬೇಕಾಯಿತು. ದೇಶ ವಿಭಜನೆಯ ಬೆನ್ನಿಗೇ, 1948ರಲ್ಲಿ, ಇಂದಿನ ಹರಿಯಾಣದ ಕರ್ನಾಲ್‌ನಲ್ಲಿ ಸುಮಾರು 4000 ಮನೆಗಳನ್ನು ಮಣ್ಣಿನಿಂದ ಕಟ್ಟಲಾಯಿತು. ಮಣ್ಣಿಗೆ ಶೇ. 2.5ರಷ್ಟು ಸಿಮೆಂಟ್ ಬೆರೆಸಿ, ಹಲಗೆಗಳ ನಡುವೆ ಹಾಕಿ ದಮ್ಮಸು ಮಾಡಿದ ಗೋಡೆಗಳವು.

ದಮ್ಮಸು ಮಾಡುವುದು ಬಹಳ ಶ್ರಮದ ಕೆಲಸ. ಅದನ್ನು ಹಗುರ ಮಾಡಿದ ಯಂತ್ರ ಬಂದದ್ದು ದೂರದ ಕೊಲಂಬಿಯಾದಿಂದ. 1950ರ ದಶಕದಲ್ಲಿ ಬೊಗೊಟಾದ 'ಸಿನ್ವಾ' ಎಂಬ ವಸತಿ ಸಂಶೋಧನಾ ಕೇಂದ್ರದಲ್ಲಿ ಇಂಜಿನಿಯರ್ ರೌಲ್ ರಾಮಿರೆಜ್ ಕೈಯಿಂದ ನಡೆಸುವ ಒತ್ತುಯಂತ್ರವನ್ನು ರೂಪಿಸಿದರು. ಕೇಂದ್ರದ ಹೆಸರಿಗೆ ಅವರ ಹೆಸರಿನ ಮೊದಲ ಭಾಗ ಸೇರಿ 'ಸಿನ್ವಾ-ರಾಮ್' ಎಂದಾಯಿತು. (ನಮ್ಮ ರಾಮನಿಗೂ ಇದಕ್ಕೂ ಸಂಬಂಧವಿಲ್ಲ!) ಇದರ ಸನ್ನೆಯನ್ನು ಗಮನಿಸಿ. ಕೊನೆಯ ಹಂತದಲ್ಲಿ ಹಿಡಿಕೆ ಬಹುದೂರ ಸಾಗಿದರೂ ಒತ್ತುವ ತಟ್ಟೆ ಸರಿಯುವುದು ಎಳ್ಳಷ್ಟು ಮಾತ್ರ. ನೀವು ಮಾಡಿದ ಕೆಲಸ ಅಷ್ಟೇ ಇದ್ದು ತಟ್ಟೆ ಸರಿಯುವ ದೂರ ಕಡಿಮೆಯಾದರೆ ಬಲ ಹೆಚ್ಚಲೇಬೇಕಲ್ಲವೇ? ಮಣ್ಣು ಗಟ್ಟಿಯಾಗಿ ಎದುರು ನಿಲ್ಲುವ ಹೊತ್ತಿಗೇ ಬಲ ಅತ್ಯಧಿಕವಾಗುತ್ತದೆ. ತರಗತಿಯಲ್ಲಿ ಸನ್ನೆಕೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಆರಂಭವಾಯಿತು. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನಗಳನ್ನು ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇಲ್ಲಿನ ಮಣ್ಣುಗಳನ್ನು ಅಭ್ಯಸಿಸಿದರು; 'ಅಸ್ತ್ರಂ' ಎಂಬ ಕೈಯಂತ್ರವೂ ಬಂತು. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಜೇಡಿ ನೀರು ಕುಡಿದರೂ ಅಷ್ಟಾಗಿ ಉಬ್ಬದು. ಅದಕ್ಕೆ ಮರಳಿನ ಅಂಶ ಸಾಕಷ್ಟಿದ್ದರೆ ಶೇ. 6-8ರಷ್ಟು ಸಿಮೆಂಟ್ ಸಾಕು. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್ ಹಾಗಲ್ಲ, ವಿಪರೀತ ಉಬ್ಬುತ್ತದೆ. ಅಲ್ಲಿ ಸುಣ್ಣ ಬೇಕು.

ಲಾಭವೇನು? ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿ 4.25 ಮೆಗಾಜೂಲ್. ಶೇ. 6 ಸಿಮೆಂಟಿನ ಮಣ್ಣಿನ ಬ್ಲಾಕಿಗೆ 2.6. ಬ್ಲಾಕು ಗಾತ್ರದಲ್ಲಿ ಎರಡೂವರೆ ಇಟ್ಟಿಗೆಗೆ ಸಮ. ಎಂದರೆ ಅಷ್ಟೇ ಗೋಡೆಗೆ ಸುಮಾರು ಕಾಲು ಭಾಗ ಶಕ್ತಿ! ಗೂಡಿಗೆ ಸೌದೆ, ಕಲ್ಲಿದ್ದಲು ಬೇಡ.

ಆದರೂ ವಸತಿ ಯೋಜನೆಗಳಲ್ಲಿ ಇದು ಅಪರೂಪವೇ. ಕಾರಣದ ಒಂದು ಪಾಲು ನನ್ನ ಮನೆಯ ಆವರಣದ ಗೋಡೆಯಲ್ಲೇ ಇತ್ತು. ಪಾಯದ ಗುಂಡಿಯ ಮಣ್ಣನ್ನು ಪರೀಕ್ಷಿಸದೆ, ಸರಿಯಾಗಿ ಜರಡಿ ಹಿಡಿಯದೆ ಬ್ಲಾಕು ಒತ್ತಿಸಿದೆ. ಮೂರು ವಾರ ನೀರುಣಿಸಬೇಕಾದಲ್ಲಿ ಐದು ದಿನಕ್ಕೇ ನಿಲ್ಲಿಸಿದೆ. ಮೊದಲ ಮಳೆಗಾಲದಲ್ಲೇ ಕೆಳಗಿನ ಎರಡು ವರಸೆ ಉದುರಿದವು. ತಪ್ಪು ಮಣ್ಣಿನದಲ್ಲ, ಭೌತಶಾಸ್ತ್ರದ ಮೇಷ್ಟ್ರದ್ದು. ಅದು ಬರೀ ಆವರಣದ ಗೋಡೆ, ಮತ್ತೆ ಕಟ್ಟಿಸಿದೆ. ಸರ್ಕಾರದ ಒಂದೇ ಕಂತಿನ ಹಣವನ್ನು ಗೋಡೆಗೆ ಹಾಕಿದವರು ಏನು ಮಾಡಿಯಾರು? ಮಣ್ಣನ್ನು ನೋಡಿ ಪಾಕ ಹೇಳಬಲ್ಲವರು ಪ್ರತಿ ತಾಲ್ಲೂಕಿನಲ್ಲಿ ಇಲ್ಲದೆ ಯಂತ್ರ ಮಾತ್ರ ಹಂಚಿದರೆ ಪ್ರಯೋಜನವಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಪಾಲು ಹೆಸರಿನದು. ಜನಗಣತಿಯ ವರ್ಗೀಕರಣದಲ್ಲಿ ಮಣ್ಣು ಹಾಗೂ ಸುಡದ ಇಟ್ಟಿಗೆ ತಾತ್ಕಾಲಿಕ ಗೋಡೆಯ ಸಾಮಗ್ರಿಗಳು. ನಮ್ಮ ಬ್ಲಾಕನ್ನೂ ಸುಟ್ಟಿರುವುದಿಲ್ಲ. ಅದಕ್ಕೆಂದೇ 1725ನೇ ಸಂಖ್ಯೆಯ ಭಾರತೀಯ ಮಾನಕವಿದೆ, 2013ರಲ್ಲಿ ಪರಿಷ್ಕಾರವೂ ಆಗಿದೆ. ಆದರೆ ಬಾಗಿಲಿಗೆ ಬಂದ ಗಣತಿದಾರರು ಗೋಡೆ ಯಾವುದರದ್ದೆಂದು ಕೇಳಿದಾಗ ಮನೆಯೊಡತಿ ಏನೆಂದು ಬರೆಸಬೇಕು?