ಹದಿಹರೆಯದ ಮೊಡವೆ: ಜಗತ್ತಿನ ಹೊರೆ, ಗಡಿನಾಡಿನ ಮಕ್ಕಳ ಅಳಲು

ಮೊಡವೆಯನ್ನು ನಮ್ಮ ಮನೆಗಳಲ್ಲಿ ‘ವಯಸ್ಸಿನ ಗುಳ್ಳೆ’ ಎಂದು ನಕ್ಕು ಬಿಡುವುದು ರೂಢಿ. ವೈದ್ಯಶಾಸ್ತ್ರ ಮಾತ್ರ ಅದನ್ನು ಚಿಕಿತ್ಸೆಗೆ ಅರ್ಹವಾದ ಚರ್ಮರೋಗವೆಂದೇ ಪರಿಗಣಿಸುತ್ತದೆ. ರೋಗಗಳ ಜಾಗತಿಕ ಹೊರೆಯನ್ನು ಅಳೆದ 2010ರ ಅಧ್ಯಯನದ ಪ್ರಕಾರ ಜಗತ್ತಿನ ಜನಸಂಖ್ಯೆಯ ಸುಮಾರು ಶೇ. 9.4ರಷ್ಟು ಮಂದಿಗೆ ಮೊಡವೆಯಿದ್ದು, ಅತಿ ವ್ಯಾಪಕ ಕಾಯಿಲೆಗಳ ಸಾಲಿನಲ್ಲಿ ಅದಕ್ಕೆ 8ನೆಯ ಸ್ಥಾನವಿದೆ. 12ರಿಂದ 24 ವರ್ಷದವರಲ್ಲಿ ಸುಮಾರು ಶೇ. 85ರಷ್ಟು ಮಂದಿ ಒಂದಲ್ಲ ಒಂದು ಪ್ರಮಾಣದಲ್ಲಿ ಇದನ್ನು ಅನುಭವಿಸುತ್ತಾರೆಂದು ಚರ್ಮವೈದ್ಯರು ಅಂದಾಜಿಸುತ್ತಾರೆ. ಆದವಾನಿ, ಆಲೂರು, ಕೌತಾಳಂ, ಹಾಲಹರ್ವಿ, ಹೊಳಗುಂದಿ ಭಾಗದ ನಮ್ಮ ಪ್ರೌಢಶಾಲೆಗಳ ಮಕ್ಕಳೂ ಈ ಲೆಕ್ಕಕ್ಕೆ ಹೊರತಲ್ಲ.

ಹೊರೆ ಎಂದರೇನು?

ಮೊಡವೆಯಿಂದ ಯಾರೂ ಸಾಯುವುದಿಲ್ಲ. ಆದುದರಿಂದ ಅದರ ಹೊರೆಯನ್ನು ಸಾವಿನ ಸಂಖ್ಯೆಯಿಂದಲ್ಲ, ನರಳಿಕೆಯಲ್ಲಿ ಕಳೆದ ವರ್ಷಗಳಿಂದ ಅಳೆಯುತ್ತಾರೆ. ಉಳಿದುಹೋಗುವ ಕಲೆ ಮತ್ತು ಗುಳಿಗಳು, ಮುಖ ತೋರಿಸಲು ಹಿಂಜರಿಕೆ, ಮನದ ಕುಗ್ಗು ಇವೆಲ್ಲ ಆ ನರಳಿಕೆಯ ಭಾಗ. ನಾರ್ವೆಯ ಓಸ್ಲೋ ನಗರದ 18-19 ವರ್ಷದ 3,775 ಯುವಜನರ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೊಡವೆ ಹೆಚ್ಚಾಗಿದ್ದವರಲ್ಲಿ ಆತ್ಮಹತ್ಯೆಯ ಆಲೋಚನೆಯೂ ಉಳಿದವರಿಗಿಂತ ಹೆಚ್ಚಾಗಿತ್ತೆಂದು ಅದು ತಿಳಿಸಿತು. ಕಡೆಯ ಬೆಂಚಿಗೆ ಸರಿದು ತಲೆ ತಗ್ಗಿಸಿ ಕುಳಿತುಕೊಳ್ಳುವ ಮಗುವನ್ನು ಶಿಕ್ಷಕರಾದ ನಾವು ‘ಸೋಮಾರಿ’ ಎಂದು ಗದರುವ ಮುನ್ನ ಇದನ್ನು ನೆನೆಯಬೇಕು.

ಮೂಡುವ ಬಗೆ

ಹದಿಹರೆಯದಲ್ಲಿ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಅವುಗಳ ಪ್ರೇರಣೆಯಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಜಿಡ್ಡು ಮತ್ತು ಸತ್ತ ಜೀವಕೋಶಗಳು ಸೇರಿ ರೋಮದ ಬುಡದ ರಂಧ್ರವನ್ನು ಮುಚ್ಚುತ್ತವೆ. ಚರ್ಮದಲ್ಲಿ ಸಹಜವಾಗಿಯೇ ಇರುವ ಒಂದು ಬ್ಯಾಕ್ಟೀರಿಯಾ ಅಲ್ಲಿ ವೃದ್ಧಿಯಾಗಿ ಊತ, ಕೀವು ಉಂಟಾಗುತ್ತವೆ. ಸುಶ್ರುತ ಸಂಹಿತೆಯು ಇದನ್ನು ‘ಮುಖದೂಷಿಕಾ’ ಎಂದು ಕರೆದು, ಬೂರುಗದ ಮರದ ಮುಳ್ಳಿಗೆ ಹೋಲಿಸಿದೆ. ಅಂದರೆ ಇದು ಹೊಸ ಕಾಲದ ರೋಗವೇನೂ ಅಲ್ಲ.

ಮುಖ ತೊಳೆಯದವರಿಗೆ ಮೊಡವೆ ಬರುತ್ತದೆಂಬುದು ತಪ್ಪು ಕಲ್ಪನೆ. ಪದೇ ಪದೇ ಉಜ್ಜಿ ತೊಳೆದರೆ ಚರ್ಮ ಮತ್ತಷ್ಟು ಕೆರಳುತ್ತದೆ. ಇದು ಅಂಟುರೋಗವೂ ಅಲ್ಲ. ಸಕ್ಕರೆ ಹೆಚ್ಚಿರುವ ತಿನಿಸು ಕೆಲವರಲ್ಲಿ ಮೊಡವೆಯನ್ನು ಉಲ್ಬಣಗೊಳಿಸಬಹುದೆಂಬುದಕ್ಕೆ ಒಂದಿಷ್ಟು ಆಧಾರವಿದೆ. ಆದರೆ ‘ಉಷ್ಣ’ದ ಭಯದಿಂದ ಬೆಳೆಯುವ ಮಕ್ಕಳಿಗೆ ಶೇಂಗಾ, ಮೊಟ್ಟೆಗಳನ್ನು ತಪ್ಪಿಸುವುದು ಸಲ್ಲದು.

ತಪ್ಪು ಮುಲಾಮಿನ ಅಪಾಯ

ಮೊಡವೆಗಿಂತ ದೊಡ್ಡ ಹಾನಿ ಹಲವೊಮ್ಮೆ ಅದಕ್ಕೆ ಹಚ್ಚಿದ ಮುಲಾಮಿನಿಂದಲೇ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ, ಗೆಳೆಯರಿಂದ ಗೆಳೆಯರಿಗೆ ದಾಟುವ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಅದು ಮೊದಲ ಕೆಲವು ದಿನ ಕೆಂಪು ಇಳಿಸಿ, ಬಣ್ಣ ತಿಳಿಯಾಗಿಸಿ ಮರುಳುಗೊಳಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ನಿಲ್ಲಿಸಿದೊಡನೆ ಉರಿ ಮತ್ತು ಮೊಡವೆ ಇಮ್ಮಡಿಸುತ್ತವೆ. ಭಾರತದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದರು. ಅವರಲ್ಲಿ ಅತಿ ಹೆಚ್ಚಾಗಿ ಕಂಡ ದುಷ್ಪರಿಣಾಮ ಮೊಡವೆಯೇ.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅಧಿಸೂಚನೆ ಹೊರಡಿಸಿತು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಲ್ಲಿ ಯಾವುದೇ ಇದ್ದರೂ ಅದು ಮೊಡವೆಯ ಮದ್ದಲ್ಲ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸೋಣ. ಆದರೆ ಈಗಾಗಲೇ ಬಹುಕಾಲ ಹಚ್ಚಿದವರು ತಾವಾಗಿಯೇ ನಿಲ್ಲಿಸದೆ ಚರ್ಮವೈದ್ಯರ ಸಲಹೆ ಪಡೆಯುವುದು ಲೇಸು.

ಸರಿಯಾದ ಚಿಕಿತ್ಸೆ

ಸೌಮ್ಯ ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ಲೇಪನಗಳನ್ನು ವೈದ್ಯರು ಬರೆಯುತ್ತಾರೆ. ಗುಣ ಕಾಣಲು 6ರಿಂದ 8 ವಾರ ಬೇಕು. ಪೂರ್ಣ ಪರಿಣಾಮಕ್ಕೆ 3 ತಿಂಗಳೂ ಆಗಬಹುದು. ನಮ್ಮ ಭಾಗದ ಕಷ್ಟ ಇಲ್ಲಿಯೇ ಇದೆ: ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ಚಿಕಿತ್ಸೆ ನಡುವೆಯೇ ಕಡಿಯುತ್ತದೆ. ಹೊರಡುವ ಮುನ್ನ ವೈದ್ಯರಿಗೆ ತಿಳಿಸಿ ಅಷ್ಟು ದಿನದ ಔಷಧವನ್ನು ಪಡೆದುಕೊಳ್ಳಬೇಕು.

ಗಂಟುಗಟ್ಟುವ ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆಯುಂಟು. ಅದು ಗರ್ಭದಲ್ಲಿರುವ ಶಿಶುವಿಗೆ ಘೋರ ಹಾನಿ ಮಾಡುವುದರಿಂದ ವೈದ್ಯರ ನಿಗಾ ಇಲ್ಲದೆ ಸೇವಿಸಲೇಬಾರದು. ಎಳೆಯ ವಯಸ್ಸಿನ ಮದುವೆ ಇನ್ನೂ ಪೂರ್ತಿ ನಿಲ್ಲದ ನಮ್ಮ ಹಳ್ಳಿಗಳಲ್ಲಿ ಈ ಎಚ್ಚರ ಅತ್ಯಗತ್ಯ. ಹೆಣ್ಣುಮಕ್ಕಳಲ್ಲಿ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಹೆಚ್ಚಿದರೆ ಅಂಡಾಶಯದ ತೊಂದರೆ ಇದೆಯೇ ಎಂದು ತಪಾಸಣೆ ಮಾಡಿಸಬೇಕು.

ನೆರವು ಮತ್ತು ನಮ್ಮ ಭಾಷೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲಾ ಮಕ್ಕಳ ತಪಾಸಣೆಯಲ್ಲಿ ಚರ್ಮದ ತೊಂದರೆಗಳೂ ಸೇರಿವೆ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆಂದೇ ರೂಪುಗೊಂಡಿದೆ. ಮನಸ್ಸು ಕುಗ್ಗಿದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ತಾಲ್ಲೂಕುಗಳ ಕನ್ನಡಿಗರಿಗೆ ಆಸ್ಪತ್ರೆಯ ಫಲಕ ತೆಲುಗು, ಔಷಧದ ಚೀಟಿ ಇಂಗ್ಲಿಷ್. ಮೊಡವೆ ಎಂದು ಓದಿದ ಮಗು ಆಸ್ಪತ್ರೆಯಲ್ಲಿ ‘ಮೊಟಿಮ’ ಎಂದು ಹೇಳಬೇಕು. ನಾಚಿಕೆಯ ವಿಷಯವನ್ನು ಪರಭಾಷೆಯಲ್ಲಿ ಬಿಡಿಸಿ ಹೇಳಲಾಗದೆ ಮೆಡಿಕಲ್ ಶಾಪಿಗೆ ತಿರುಗುತ್ತದೆ. ಜಿಲ್ಲೆ ಅಥವಾ ಅದಕ್ಕೂ ಕೆಳಗಿನ ಆಡಳಿತ ಘಟಕದಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳನ್ನು ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿತವಾದ ರಕ್ಷಣೆಗಳಲ್ಲಿ ಒಂದು. ಆ ಅರ್ಹತೆಯುಳ್ಳ ಮಂಡಲಗಳಲ್ಲಿ ಹದಿಹರೆಯದ ಆರೋಗ್ಯದ ಕರಪತ್ರಗಳನ್ನು ಕನ್ನಡದಲ್ಲಿಯೂ ಮುದ್ರಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಪಾಲಕರೂ ಶಿಕ್ಷಕರೂ ಕೂಡಿ ಮನವಿ ಸಲ್ಲಿಸೋಣ. ಅದು ಬರುವವರೆಗೆ, ಹದಿಹರೆಯದ ಪಾಠ ಮಾಡುವ ದಿನ ಹತ್ತು ನಿಮಿಷವನ್ನು ಮೊಡವೆಗೆ ಮೀಸಲಿಡುವುದು ನಮ್ಮ ಕೈಯಲ್ಲೇ ಇದೆ.