ಇನ್‌ವಿನ್ಸಿಬಲ್ (ಮೈಕಲ್ ಜಾಕ್ಸನ್‌ನ ಆಲ್ಬಮ್)

ಇನ್‌ವಿನ್ಸಿಬಲ್: ಅಮೆರಿಕದ ಪಾಪ್ ಗಾಯಕ ಮೈಕಲ್ ಜಾಕ್ಸನ್‌ನ (1958-2009) ಹತ್ತನೆಯ ಹಾಗೂ ಆತನ ಜೀವಿತಕಾಲದಲ್ಲಿ ಹೊರಬಂದ ಕೊನೆಯ ಸ್ಟುಡಿಯೋ ಆಲ್ಬಮ್. ಸ್ಟುಡಿಯೋ ಆಲ್ಬಮ್ ಎಂದರೆ ಹಳೆಯ ಹಾಡುಗಳ ಸಂಕಲನವಾಗಲಿ ವೇದಿಕೆಯ ಕಾರ್ಯಕ್ರಮದ ಮುದ್ರಣವಾಗಲಿ ಆಗಿರದೆ, ಧ್ವನಿಮುದ್ರಣಕ್ಕೆಂದೇ ಸಿದ್ಧಪಡಿಸಿದ ಹಾಡುಗಳ ಸಂಪುಟ. ಅಜೇಯ ಎಂಬರ್ಥದ ಹೆಸರಿನ ಈ ಆಲ್ಬಮನ್ನು ಸೋನಿ ಮ್ಯೂಸಿಕ್‌ನ ಅಂಗಸಂಸ್ಥೆಯಾದ ಎಪಿಕ್ ರೆಕಾರ್ಡ್ಸ್ 2001ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಹಲವು ದೇಶಗಳ ಮಾರಾಟದ ಪಟ್ಟಿಗಳಲ್ಲಿ ಮೊದಲ ಸ್ಥಾನ ಪಡೆದೂ ಸೋಲೆಂದೇ ಹೆಸರಾದ, ಬಿಡುಗಡೆಯಾದಾಗ ವಿಮರ್ಶಕರನ್ನು ಎರಡು ಪಾಳೆಯಗಳಾಗಿ ಒಡೆದ ಕೃತಿ ಇದು.

ಜಾಕ್ಸನ್ ಆ ಹೊತ್ತಿಗೆ ಏರಿದ ಎತ್ತರವನ್ನು ಗಮನಿಸದೆ ಈ ವೈಚಿತ್ರ್ಯ ಅರ್ಥವಾಗುವುದಿಲ್ಲ. ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್‌ನೊಡನೆ ಆತ ರೂಪಿಸಿದ ಆಫ್ ದ ವಾಲ್ (1979), ಥ್ರಿಲ್ಲರ್ (1982) ಮತ್ತು ಬ್ಯಾಡ್ (1987) ಆಲ್ಬಮ್‌ಗಳು ಪಾಪ್ ಸಂಗೀತದ ಮಾರುಕಟ್ಟೆಯ ಅಳತೆಗೋಲನ್ನೇ ಬದಲಿಸಿದವು. 1984ರಲ್ಲಿ ಒಂದೇ ಸಂಜೆ ಆತನಿಗೆ ಎಂಟು ಗ್ರ್ಯಾಮಿ ಪ್ರಶಸ್ತಿಗಳು ಸಂದವು. 1991ರ ಡೇಂಜರಸ್ ಕೂಡ ಆ ಮಟ್ಟವನ್ನು ಬಹುಮಟ್ಟಿಗೆ ಕಾಯ್ದುಕೊಂಡಿತು. ಆದರೆ 1993ರಲ್ಲಿ ಬಾಲಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಬಂದು, ಮರುವರ್ಷ ಸಿವಿಲ್ ದಾವೆ ಹಣದ ಒಪ್ಪಂದದಲ್ಲಿ ಮುಗಿದ ಮೇಲೆ, ಪತ್ರಿಕೆಗಳಲ್ಲಿ ಆತನ ಹಾಡುಗಳಿಗಿಂತ ಆತನ ಮುಖ, ಮನೆ, ಮದುವೆಗಳ ಸುದ್ದಿಗೇ ಹೆಚ್ಚು ಜಾಗ ಸಿಗತೊಡಗಿತು. 1995ರ ಹಿಸ್ಟರಿಯ ಎರಡು ಡಿಸ್ಕ್‌ಗಳಲ್ಲಿ ಒಂದು ಪೂರ್ತಿ ಹಳೆಯ ಜನಪ್ರಿಯ ಗೀತೆಗಳದಾಗಿತ್ತು. 1997ರ ಬ್ಲಡ್ ಆನ್ ದ ಡ್ಯಾನ್ಸ್ ಫ್ಲೋರ್‌ನಲ್ಲಿ ಹೊಸ ಹಾಡುಗಳಿಗಿಂತ ರೀಮಿಕ್ಸ್‌ಗಳೇ, ಅಂದರೆ ಹಳೆಯ ಮುದ್ರಣಗಳಿಗೆ ಹೊಸ ತಾಳಗತಿ ಜೋಡಿಸಿದ ರೂಪಗಳೇ, ಹೆಚ್ಚಾಗಿದ್ದವು. ಹೀಗಾಗಿ ಡೇಂಜರಸ್ ಬಂದು ಹತ್ತು ವರ್ಷಗಳ ನಂತರ ಮೊದಲ ಬಾರಿಗೆ ಪೂರ್ಣವಾಗಿ ಹೊಸ ಹಾಡುಗಳಿಂದಲೇ ಕೂಡಿದ ಆಲ್ಬಮ್ ಎಂಬ ಕಾರಣದಿಂದ ಇದಕ್ಕೆ ಪುನರಾಗಮನದ ಪಟ್ಟ ಬಂತು.

ಧ್ವನಿಮುದ್ರಣ 1997ರ ಕೊನೆಯಲ್ಲಿ ಆರಂಭವಾಗಿ, ನ್ಯೂಯಾರ್ಕ್, ಲಾಸ್ ಏಂಜಲೀಸ್, ಮಯಾಮಿಗಳ ಸ್ಟುಡಿಯೋಗಳಲ್ಲಿ ನಾಲ್ಕು ವರ್ಷ ಎಳೆಯಿತು. ವೆಚ್ಚ ಸುಮಾರು 3 ಕೋಟಿ ಡಾಲರ್ ಎಂದು ವರದಿಯಾಗಿದ್ದು, ಇದುವರೆಗಿನ ಅತ್ಯಂತ ದುಬಾರಿ ಆಲ್ಬಮ್ ಎಂದು ಇದನ್ನು ಹೆಸರಿಸುವುದು ರೂಢಿಯಾಗಿದೆ. ಪಾಪ್ ಸಂಗೀತದಲ್ಲಿ ನಿರ್ಮಾಪಕನೆಂದರೆ ಹಣ ಹೂಡುವವನಲ್ಲ. ವಾದ್ಯ, ಲಯ, ಧ್ವನಿಗಳನ್ನು ಹೊಂದಿಸಿ ಹಾಡಿಗೆ ಅಂತಿಮ ರೂಪ ಕೊಡುವವನು. ಇಲ್ಲಿ ಆ ಕೆಲಸದ ದೊಡ್ಡ ಪಾಲು, ಡೆಸ್ಟಿನೀಸ್ ಚೈಲ್ಡ್ ತಂಡದ ಗೀತೆಗಳಿಂದ ಹೆಸರಾಗಿದ್ದ, ಆಗಿನ್ನೂ ಇಪ್ಪತ್ತರ ಆಸುಪಾಸಿನ ರಾಡ್ನಿ ಜರ್ಕಿನ್ಸ್‌ನ ಪಾಲಿಗೆ ಬಂತು; ಡೇಂಜರಸ್‌ನಲ್ಲಿ ಜೊತೆಗಿದ್ದ ಟೆಡ್ಡಿ ರೈಲಿ, ಬೇಬಿಫೇಸ್, ಡಾಕ್ಟರ್ ಫ್ರೀಜ್, ಆರ್. ಕೆಲ್ಲಿ ಮೊದಲಾದವರೂ ಇದ್ದರು. ಕೀಬೋರ್ಡ್‌ಗಳಲ್ಲಿ ಸಿದ್ಧವಾಗಿ ಸಿಗುವ ಸದ್ದುಗಳು ಜಾಕ್ಸನ್‌ಗೆ ಒಪ್ಪಿಗೆಯಾಗುತ್ತಿರಲಿಲ್ಲ. ಕೈಗೆ ಸಿಕ್ಕ ವಸ್ತುಗಳನ್ನು ಬಡಿದು ಕುಟ್ಟಿ ಸದ್ದು ಹುಟ್ಟಿಸಿ, ಅದನ್ನು ಮುದ್ರಿಸಿಕೊಂಡು ತಾಳದ ಹಂದರಕ್ಕೆ ಸೇರಿಸುವುದು ಈ ಆಲ್ಬಮ್‌ನ ಕಾರ್ಯವಿಧಾನವಾಗಿತ್ತು. ಈ ಪರಿಪೂರ್ಣತೆಯ ಹಟ ಬಿಡಿ ಹಾಡುಗಳಿಗೆ ಲಾಭವನ್ನೂ ಒಟ್ಟು ಕೃತಿಗೆ ನಷ್ಟವನ್ನೂ ತಂದಿತೆನ್ನಬೇಕು. ನಾಲ್ಕು ವರ್ಷಗಳಲ್ಲಿ ಹೊರಗಿನ ಸಂಗೀತದ ರುಚಿ ಬದಲಾಗುತ್ತಲೇ ಇತ್ತು.

ಆಲ್ಬಮ್‌ನಲ್ಲಿ 16 ಹಾಡುಗಳಿದ್ದು ಒಟ್ಟು ಅವಧಿ ಸುಮಾರು 77 ನಿಮಿಷ. ಮೊದಲ ಮೂರು ಹಾಡುಗಳು ಜರ್ಕಿನ್ಸ್‌ನ ಬಿರುಸಾದ, ಲೋಹದ ಗಡಸುತನವುಳ್ಳ ಲಯದಲ್ಲಿವೆ. ಅವುಗಳಲ್ಲಿ ಮೊದಲನೆಯದಾದ ಅನ್‌ಬ್ರೇಕಬಲ್‌ನಲ್ಲಿ, 1997ರಲ್ಲಿ ಕೊಲೆಯಾದ ರ‍್ಯಾಪ್ ಗಾಯಕ ನಟೋರಿಯಸ್ ಬಿ.ಐ.ಜಿ.ಯ ಹಳೆಯ ರ‍್ಯಾಪ್ ಭಾಗವನ್ನು ಬೇರೊಂದು ಹಾಡಿನಿಂದ ತಂದು ಬೆಸೆಯಲಾಗಿದೆ. ಕೊನೆಯ ಹಾಡಾದ ಥ್ರೆಟನ್ಡ್‌ನಲ್ಲಿ ಟ್ವೈಲೈಟ್ ಜೋನ್ ಎಂಬ ಟೆಲಿವಿಷನ್ ಸರಣಿಯ ನಿರೂಪಕ, 1975ರಲ್ಲೇ ತೀರಿಕೊಂಡ ರಾಡ್ ಸರ್ಲಿಂಗ್‌ನ ಮಾತಿನ ತುಣುಕುಗಳನ್ನು ಕತ್ತರಿಸಿ ಜೋಡಿಸಲಾಗಿದೆ. ಪುನರಾಗಮನವೆಂದು ಸಾರಿದ ಆಲ್ಬಮ್‌ನ ಆದಿ ಅಂತ್ಯಗಳೆರಡರಲ್ಲೂ ಮೃತರ ದನಿಗಳು ಕೇಳಿಸುವುದು ಕಾಕತಾಳೀಯವಾದರೂ ವಿಲಕ್ಷಣ. ಗುಣದ ದೃಷ್ಟಿಯಿಂದ ಇವೆರಡಕ್ಕಿಂತ ಮೇಲಾದುದು ಬಟರ್‌ಫ್ಲೈಸ್. ಇಂಗ್ಲೆಂಡಿನ ಗಾಯಕಿ ಮಾರ್ಷಾ ಆಂಬ್ರೋಸಿಯಸ್ ಮತ್ತು ಆಂಡ್ರೆ ಹ್ಯಾರಿಸ್ ರಚಿಸಿದ ಈ ನಿಧಾನಗತಿಯ ಹಾಡಿನಲ್ಲಿ ಜಾಕ್ಸನ್ ಸಹಜ ಕಂಠವನ್ನು ಬಿಟ್ಟು ತೆಳುವಾದ ಮೇಲುಸ್ಥಾಯಿಯ ಫಾಲ್ಸೆಟ್ಟೋಗೆ ಏರಿ, ಪದಗಳನ್ನು ಉಸಿರಿನಂತೆ ತೇಲಿಬಿಡುತ್ತಾನೆ; ತಾಳ ಅವಸರಿಸುವುದಿಲ್ಲ, ಕೊನೆಯಲ್ಲಿ ಹಿತ್ತಾಳೆ ವಾದ್ಯಗಳು ಮೆಲ್ಲಗೆ ಬಂದು ಸೇರುತ್ತವೆ. ಜಾಕ್ಸನ್ ಒಬ್ಬನೇ ಬರೆದು ರಾಗ ಹಾಕಿದ ಸ್ಪೀಚ್‌ಲೆಸ್ ವಾದ್ಯಗಳಿಲ್ಲದ ಬರಿಯ ಕಂಠದಿಂದ ಆರಂಭವಾಗಿ ಅಲ್ಲಿಗೇ ಮರಳುತ್ತದೆ. ವಾಟೆವರ್ ಹ್ಯಾಪನ್ಸ್‌ನಲ್ಲಿ ಕಾರ್ಲೋಸ್ ಸಾಂಟಾನಾನ ಗಿಟಾರ್ ಇದೆ. ಕ್ರೈ, ದ ಲಾಸ್ಟ್ ಚಿಲ್ಡ್ರನ್ ಮೊದಲಾದ ಲೋಕಹಿತದ ಗೀತೆಗಳು ಮಾತ್ರ ಜಾಕ್ಸನ್ ಹಿಂದೆ ಮಾಡಿದ್ದರ ಬಿಳಿಚಿದ ಪುನರುಕ್ತಿಗಳು.

ಪ್ರಚಾರ ಅದ್ದೂರಿಯಾಗಿಯೇ ಶುರುವಾಯಿತು. ಜಾಕ್ಸನ್‌ನ ಏಕವ್ಯಕ್ತಿ ವೃತ್ತಿಯ 30 ವರ್ಷಗಳ ನೆನಪಿಗೆ 2001ರ ಸೆಪ್ಟೆಂಬರ್ 7 ಮತ್ತು 10ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಂಗೀತ ಸಂಜೆಗಳು ನಡೆದವು. ಎರಡನೆಯದು ಮುಗಿದ ಮರುಬೆಳಿಗ್ಗೆಯೇ ಅದೇ ನಗರದ ಅವಳಿ ಗೋಪುರಗಳು ಭಯೋತ್ಪಾದಕರ ದಾಳಿಗೆ ಉರುಳಿದವು. ಯೂ ರಾಕ್ ಮೈ ವರ್ಲ್ಡ್ ಎಂಬ ಮೊದಲ ಸಿಂಗಲ್‌ಗೆ, ಅಂದರೆ ಆಲ್ಬಮ್‌ನಿಂದ ಬಿಡಿಯಾಗಿ ಹೊರತಂದು ರೇಡಿಯೋಗಳಿಗೆ ತಲಪಿಸುವ ಹಾಡಿಗೆ, ಪಾಲ್ ಹಂಟರ್ ನಿರ್ದೇಶಿಸಿದ ಹದಿಮೂರು ನಿಮಿಷಗಳಿಗೂ ದೀರ್ಘವಾದ ಕಿರುಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೋ, ಕ್ರಿಸ್ ಟಕರ್ ನಟಿಸಿದರು. ಅಲ್ಲಿಂದಾಚೆಗೆ ಉತ್ಸಾಹ ಇಳಿಯಿತು. ಕ್ರೈ ಹಾಡಿನ ವಿಡಿಯೋದಲ್ಲಿ ಜಾಕ್ಸನ್ ಕಾಣಿಸಿಕೊಳ್ಳಲೇ ಇಲ್ಲ. ಬಟರ್‌ಫ್ಲೈಸ್‌ಗೆ ವಿಡಿಯೋ ಆಗಲಿಲ್ಲ. ಹಿಸ್ಟರಿ ಪ್ರವಾಸದಲ್ಲಿ ಆತ ದೇಶದೇಶಗಳನ್ನು ಸುತ್ತಿ, 1996ರ ನವೆಂಬರ್ 1ರಂದು ಮುಂಬಯಿಯ ಅಂಧೇರಿ ಕ್ರೀಡಾಂಗಣದಲ್ಲೂ ಹಾಡಿದ್ದರೆ, ಈ ಆಲ್ಬಮ್‌ಗಾಗಿ ಪ್ರವಾಸವೇ ನಡೆಯಲಿಲ್ಲ.

ಮೊದಲ ವಾರ ಅಮೆರಿಕದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿ ಆಲ್ಬಮ್ ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟದ ಪಟ್ಟಿಯ ತುದಿಗೇರಿತು. ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲೂ ಮೊದಲ ಸ್ಥಾನ ಪಡೆಯಿತು. ಯೂ ರಾಕ್ ಮೈ ವರ್ಲ್ಡ್ ಅಮೆರಿಕದ ಸಿಂಗಲ್ಸ್ ಪಟ್ಟಿಯಲ್ಲಿ 10ನೆಯ, ಬಟರ್‌ಫ್ಲೈಸ್ ಕೇವಲ ರೇಡಿಯೋ ಪ್ರಸಾರದ ಬಲದಿಂದ 14ನೆಯ ಸ್ಥಾನದವರೆಗೆ ಹೋದವು. 2002ರ ಜನವರಿಯಲ್ಲಿ 20 ಲಕ್ಷ ಪ್ರತಿಗಳ ರವಾನೆಯನ್ನು ಸೂಚಿಸುವ ಎರಡು ಪ್ಲಾಟಿನಮ್ ಮನ್ನಣೆಯೂ ಬಂತು. ಬೇರೆ ಯಾವ ಗಾಯಕನಿಗಾದರೂ ಇದು ಗೆಲುವೇ. ಆದರೆ ಎನ್‌ಸಿಂಕ್ ಎಂಬ ಹುಡುಗರ ತಂಡದ ಆಲ್ಬಮ್ 2000ದಲ್ಲಿ ಒಂದೇ ವಾರಕ್ಕೆ 24 ಲಕ್ಷ ಪ್ರತಿ ಮಾರಿದ್ದ ಕಾಲವದು; ಆ ತಂಡ ಕುಣಿಯುತ್ತಿದ್ದುದು ಜಾಕ್ಸನ್ ಕಲಿಸಿದ ಹೆಜ್ಜೆಗಳಿಗೇ ಎಂಬುದು ಬೇರೆ ಮಾತು.

ವಿಮರ್ಶಕರ ಅಭಿಪ್ರಾಯಗಳು ಒಂದಾಗಲಿಲ್ಲ. ನಾನಾ ವಿಮರ್ಶೆಗಳ ಅಂಕಗಳನ್ನು ಕ್ರೋಡೀಕರಿಸುವ ಮೆಟಾಕ್ರಿಟಿಕ್ ಇದಕ್ಕೆ ಕೊಟ್ಟ ಸರಾಸರಿ 100ಕ್ಕೆ 51. ರೋಲಿಂಗ್ ಸ್ಟೋನ್ ಪತ್ರಿಕೆಯ ಜೇಮ್ಸ್ ಹಂಟರ್, ಉತ್ತರಾರ್ಧದ ಬ್ಯಾಲಡ್‌ಗಳು, ಎಂದರೆ ನಿಧಾನಗತಿಯ ಭಾವಗೀತೆಗಳು, ಆಲ್ಬಮನ್ನು ಅತಿಯಾಗಿ ಉದ್ದಗೊಳಿಸಿವೆ ಎಂದು ಬರೆದು ಐದರಲ್ಲಿ ಮೂರು ನಕ್ಷತ್ರಗಳನ್ನು ನೀಡಿದ. ಇನ್ನೊಬ್ಬ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಉನ್ನತ ಶ್ರೇಣಿಯನ್ನೇ ಕೊಟ್ಟ. ಉದ್ದದ ಬಗೆಗಿನ ಆಕ್ಷೇಪ ನ್ಯಾಯವಾದುದು. ಹತ್ತು ಹಾಡುಗಳಿಗೆ ಮಿತಿಗೊಳಿಸಿದ್ದರೆ ಇದು ಬೇರೆಯೇ ಕೃತಿಯಾಗುತ್ತಿತ್ತು. ಆದರೆ ಸಮೀಕ್ಷೆಗಳ ದೊಡ್ಡ ಭಾಗ ಹಾಡುಗಳನ್ನು ಬಿಟ್ಟು ಗಾಯಕನ ಖಾಸಗಿ ಬದುಕನ್ನೂ ಥ್ರಿಲ್ಲರ್‌ನ ಅಂಕಿಅಂಶಗಳನ್ನೂ ಚರ್ಚಿಸಿದ್ದು ವಿಮರ್ಶೆಯ ಸೋಲು. 2002ರ ಗ್ರ್ಯಾಮಿಗೆ ಯೂ ರಾಕ್ ಮೈ ವರ್ಲ್ಡ್ ಒಂದೇ ನಾಮನಿರ್ದೇಶನಗೊಂಡಿತು, ಪ್ರಶಸ್ತಿ ಬರಲಿಲ್ಲ.

ಇಷ್ಟರಲ್ಲಿ ಗಾಯಕನಿಗೂ ಕಂಪನಿಗೂ ಬಹಿರಂಗ ಜಗಳವಾಗಿತ್ತು. ಜಾಕ್ಸನ್‌ನ ಅಸಮಾಧಾನದ ಒಂದು ಮೂಲ ಮಾಸ್ಟರ್‌ಗಳ, ಅಂದರೆ ಪ್ರತಿಗಳನ್ನು ತೆಗೆಯುವ ಮೂಲ ಮುದ್ರಿಕೆಗಳ, ಒಡೆತನ. ಇನ್ನೊಂದು ಆಲ್ಬಮ್‌ಗೆ ಸಾಕಷ್ಟು ಪ್ರಚಾರ ಸಿಗಲಿಲ್ಲವೆಂಬುದು. 2002ರ ಜುಲೈನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಾತನಾಡಿದ ಆತ, ಸೋನಿ ಮ್ಯೂಸಿಕ್‌ನ ಮುಖ್ಯಸ್ಥ ಟಾಮಿ ಮೊಟ್ಟೋಲಾನನ್ನು ಜನಾಂಗದ್ವೇಷಿಯೆಂದು ಕರೆದು, ಕಪ್ಪು ಕಲಾವಿದರನ್ನು ಧ್ವನಿಮುದ್ರಣ ಕಂಪನಿಗಳು ಶೋಷಿಸುತ್ತಿವೆಯೆಂದು ಆರೋಪಿಸಿದ. ಸೋನಿ ಈ ಮಾತುಗಳನ್ನು ಬಲವಾಗಿ ಖಂಡಿಸಿತು. ಕಪ್ಪು ಕಲಾವಿದರ ಶೋಷಣೆ ಅಮೆರಿಕದ ಸಂಗೀತೋದ್ಯಮದ ಚರಿತ್ರೆಯಲ್ಲಿ ದಾಖಲಾದ ಸಂಗತಿಯಾದರೂ, 3 ಕೋಟಿ ಡಾಲರ್ ವೆಚ್ಚದ ಆಲ್ಬಮ್ ಅದಕ್ಕೆ ತಕ್ಕ ಸಾಕ್ಷಿಯೆಂದು ಹೆಚ್ಚಿನವರಿಗೆ ತೋರಲಿಲ್ಲ. ಮೊಟ್ಟೋಲಾ 2003ರ ಜನವರಿಯಲ್ಲಿ ಸೋನಿಯನ್ನು ಬಿಟ್ಟ.

ಕಾಲಾಂತರದಲ್ಲಿ ಆಲ್ಬಮ್‌ನ ಬೆಲೆ ಏರಿತು. ಜಾಕ್ಸನ್ 2009ರ ಜೂನ್ 25ರಂದು ನಿಧನನಾದ ಮೇಲೆ, ಆ ವರ್ಷದ ಕೊನೆಯಲ್ಲಿ ಬಿಲ್‌ಬೋರ್ಡ್ ತನ್ನ ಓದುಗರ ಮತ ಕೇಳಿದಾಗ ದಶಕದ ಅತ್ಯುತ್ತಮ ಆಲ್ಬಮ್ ಆಗಿ ಆಯ್ಕೆಯಾದದ್ದು ಇನ್‌ವಿನ್ಸಿಬಲ್. ಸಾವಿನ ವರ್ಷದ ಅಭಿಮಾನ ಅದರಲ್ಲಿ ಸೇರಿರುವುದರಿಂದ ಆ ತೀರ್ಪನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಇದು ಜಾಕ್ಸನ್‌ನ ಶ್ರೇಷ್ಠ ಕೃತಿಯಲ್ಲ; ಆದರೆ 2001ರಲ್ಲಿ ಬಂದ ಟೀಕೆಗಳಷ್ಟು ದುರ್ಬಲವೂ ಅಲ್ಲ, ಬಟರ್‌ಫ್ಲೈಸ್ ಅಂತೂ ಆತನ ಅತ್ಯುತ್ತಮ ಗಾಯನಗಳ ಸಾಲಿಗೆ ಸೇರತಕ್ಕದ್ದು.