ಅಂಗುಳದ ಎಲುಬುಗಂಟು: ಬುರುಡೆಯ ಅಳತೆಯಿಂದ ಬಾಯಿಯ ತಪಾಸಣೆಗೆ

ಅಂಗುಳದ ನಟ್ಟನಡುವೆ ನಾಲಿಗೆಗೆ ತಾಗುವ ಗಟ್ಟಿ ಉಬ್ಬು, ಇಲ್ಲವೆ ಕೆಳದವಡೆಯ ಒಳಮೈಯಲ್ಲಿ ನಾಲಿಗೆಯ ಎರಡೂ ಪಕ್ಕಕ್ಕೆ ಎದ್ದ ಗಂಟುಗಳನ್ನು ದಂತವೈದ್ಯರು ಟೋರಸ್ ಎನ್ನುತ್ತಾರೆ. ಇವು ರೋಗವಲ್ಲ, ದವಡೆಯದೇ ಎಲುಬು ದಪ್ಪಗಾದದ್ದು. ಹರೆಯದ ನಂತರ ನಿಧಾನವಾಗಿ ಬೆಳೆಯುತ್ತವೆ, ನೋಯುವುದಿಲ್ಲ. ಅಂಗುಳದ ಉಬ್ಬು ಹೆಂಗಸರಲ್ಲಿ ಹೆಚ್ಚು. ಈ ನಿರುಪದ್ರವಿ ಗಂಟು ವಿದ್ವಾಂಸರ ಕೈಯಲ್ಲಿ ಬಹುಕಾಲ ಕಳೆದರೂ, ಅದನ್ನು ಯಾವಾಗ ಮುಟ್ಟಬೇಕೆಂಬ ತಿಳಿವು ಬಂದದ್ದು ಅವರಿಂದಲ್ಲ ಎಂಬುದು ಈ ಲೇಖನದ ವಾದ.

ಅಂಗುಳದ ಉಬ್ಬಿಗೆ ಇಂದಿನ ಹೆಸರು ಕೊಟ್ಟವರು ಕೋನಿಗ್ಸ್‌ಬರ್ಗಿನ ವಿದ್ವಾಂಸರಾದ ಕುಪ್ಫರ್ ಮತ್ತು ಬೆಸೆಲ್-ಹಾಗೆನ್, 1879ರಲ್ಲಿ. ಮರುವರ್ಷ ಗೋರಿಯಿಂದ ತೆಗೆದ ತತ್ತ್ವಜ್ಞಾನಿ ಕಾಂಟ್‌ನ ತಲೆಬುರುಡೆಯನ್ನು ಅಳೆದವರೂ ಇವರೇ. ಆ ಕಾಲದ ಕುತೂಹಲ ಎತ್ತ ಇತ್ತೆಂಬುದಕ್ಕೆ ಇಷ್ಟು ಸಾಕು: ಗಂಟು ಯಾವ ಜನಾಂಗದ ಗುರುತು ಎಂಬುದೇ ಅವರ ಪ್ರಶ್ನೆ. ಅದೇ ಅಳತೆಯ ಹುಚ್ಚು ಕೊಡಗಿಗೂ ಬಂತು. ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ ಕೊಡವರ ಮತ್ತು ಎರವರ ತಲೆ, ಮೂಗುಗಳ ಅನುಪಾತವನ್ನು ಹೋಲಿಸಿ 1901ರಲ್ಲಿ ಪ್ರಕಟಿಸಿದರು. ಅಳತೆಗೆ ನಿಂತ ಜನರಿಗೆ ಅದರಿಂದ ಆದ ಉಪಕಾರ ಏನೂ ಕಾಣದು.

ಜನಾಂಗದ ವಾದಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1918ರಲ್ಲಿ. ಐಸ್‌ಲ್ಯಾಂಡಿನ ಬುರುಡೆಗಳಲ್ಲಿ ಎಸ್ಕಿಮೋಗಳಲ್ಲಿರುವಂಥ ಗಂಟುಗಳನ್ನು ಕಂಡ ಮಾನವಶಾಸ್ತ್ರಜ್ಞ ಹೂಟನ್, ಇದು ರಕ್ತಸಂಬಂಧದ ಫಲವಲ್ಲ, ಗಟ್ಟಿ ಆಹಾರವನ್ನು ಜಗಿದದ್ದರ ಫಲ ಎಂದರು. ಇಂದು ವಂಶವಾಹಿ, ಜಗಿತದ ಒತ್ತಡ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಎಲ್ಲಕ್ಕೂ ಪಾಲಿದೆ ಎಂದು ಎಣಿಸಲಾಗುತ್ತದೆ.

ಗಂಟು ಚಿಕಿತ್ಸೆಯ ವಿಷಯವಾದದ್ದು ಹಲ್ಲಿನ ಸೆಟ್ಟು ಮಾಡುವವರ ಮೇಜಿನ ಮೇಲೆ. 1851ರಲ್ಲಿ ನೆಲ್ಸನ್ ಗುಡ್‌ಇಯರ್ ಪೇಟೆಂಟ್ ಪಡೆದ ಗಡಸು ರಬ್ಬರು ಮುಂದೆ ಅಗ್ಗದ ಸೆಟ್ಟುಗಳಿಗೆ ದಾರಿಮಾಡಿತು. 1930ರ ದಶಕದಲ್ಲಿ ಅಕ್ರಿಲಿಕ್ ಬಂತು. ಅಂಗುಳಕ್ಕೆ ಅಂಟಿಕೊಂಡು ಕೂರಬೇಕಾದ ತಟ್ಟೆಗೆ ನಡುವಿನ ಉಬ್ಬು ಅಡ್ಡಿ: ಸೆಟ್ಟು ಅದರ ಮೇಲೆ ಅಲುಗಾಡುತ್ತದೆ, ಅಲುಗಾಡಿದಲ್ಲಿ ಹುಣ್ಣಾಗುತ್ತದೆ. ಬುರುಡೆಯ ಕಪಾಟಿನ ಮುಂದೆ ಹುಟ್ಟಲಾರದ ವೈದ್ಯಕೀಯ ಪ್ರಶ್ನೆ ಹಲ್ಲಿಲ್ಲದ ಮುದುಕರ ಬಾಯಲ್ಲಿ ಹುಟ್ಟಿತು. ಈ ಕುಶಲಕರ್ಮಿಗಳಿಗೆ ಇತಿಹಾಸ ಕೊಟ್ಟ ಜಾಗ ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಗಂಟು ತೆಗೆಯಲು ಅಂದು ಗೊತ್ತಾದ ಕಾರಣಗಳು ಇಂದಿಗೂ ಹೆಚ್ಚು ಬದಲಾಗಿಲ್ಲ. ಸೆಟ್ಟು ಕೂರದಿದ್ದರೆ, ಮಾತು ಅಥವಾ ನುಂಗುವುದಕ್ಕೆ ತೊಡಕಾದರೆ, ಗಂಟಿನ ಮೇಲಿನ ತೆಳು ಪೊರೆ ಪದೇಪದೇ ಸುಲಿದು ಹುಣ್ಣಾದರೆ ತೆಗೆಯುತ್ತಾರೆ. ಒಮ್ಮೆ ಬಿಸಿ ಕಾಫಿ ಸುಟ್ಟದ್ದಕ್ಕೋ ಅಕ್ಕಿ ರೊಟ್ಟಿಯ ಅಂಚು ಗೀರಿದ್ದಕ್ಕೋ ಶಸ್ತ್ರಚಿಕಿತ್ಸೆ ಬೇಡ.

ಉತ್ತರ ಕೊಡಗಿನ ಸೋಮವಾರಪೇಟೆಯಂಥ ಊರಿಗೆ ಈ ಚರಿತ್ರೆ ತಾಗುವುದು ಬೇರೊಂದು ಕಡೆಯಿಂದ. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವ ಮಲೆನಾಡಿನಲ್ಲಿ ಬಾಯೊಳಗಿನ ಯಾವ ಗಂಟೂ ಕ್ಯಾನ್ಸರ್ ಭಯ ಹುಟ್ಟಿಸುತ್ತದೆ, ಆ ಭಯ ನ್ಯಾಯವಾದದ್ದೇ. ಆದರೆ ಗುರುತು ಹಚ್ಚಲು ಸಾಮಾನ್ಯವಾಗಿ ದಂತವೈದ್ಯರ ಕಣ್ಣು, ಬೆರಳು ಸಾಕು. ಅಂಗುಳದ ನಡುಗೆರೆಯಲ್ಲಿ ಅಥವಾ ಎರಡೂ ಕಡೆ ಸಮನಾಗಿದ್ದು, ವರ್ಷಗಳಿಂದ ಹಾಗೇ ಗಟ್ಟಿಯಾಗಿ, ಮೇಲ್ಪೊರೆ ನುಣುಪಾಗಿದ್ದರೆ ಟೋರಸ್. ಒಂದೇ ಕಡೆ ಬೇಗ ಬೆಳೆದರೆ, ಮೆತ್ತಗಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಹುಣ್ಣು ಎರಡು ವಾರ ದಾಟಿದರೂ ಮಾಯದಿದ್ದರೆ ತಡಮಾಡಬಾರದು. ದವಡೆಯ ತುಂಬ ಅಲ್ಲಲ್ಲಿ ಎಲುಬುಗಂಟುಗಳೆದ್ದರೆ, 1950ರ ದಶಕದಲ್ಲಿ ಎಲ್ಡನ್ ಗಾರ್ಡ್ನರ್ ವಿವರಿಸಿದ, ದೊಡ್ಡಕರುಳಿನ ಪಾಲಿಪ್ ಜೊತೆಗೆ ಬರುವ ವಂಶಾನುಗತ ಕಾಯಿಲೆಯನ್ನೂ ನೆನೆಯಬೇಕು.

ಎಲುಬು ಕೊರೆಯುವ ಚಿಕಿತ್ಸೆ ಬೇಕಾದರೂ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. 1999ರಲ್ಲಿ ಆರಂಭವಾದ ಕೊಡಗು ದಂತ ಮಹಾವಿದ್ಯಾಲಯ ವಿರಾಜಪೇಟೆಯಲ್ಲಿದೆ. ಹೋಗುವ ಮುನ್ನ ಒಂದು ಎಚ್ಚರ: ಎಲುಬು ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಗುಳಿಗೆ, ಇಂಜೆಕ್ಷನ್ನುಗಳು ದವಡೆಯ ಎಲುಬು ಮಾಯದಂತೆ ಮಾಡಬಲ್ಲವೆಂದು 2003ರಿಂದ ತಿಳಿದುಬಂದಿದೆ, ತೆಳುಪೊರೆಯ ಟೋರಸ್ ಅದಕ್ಕೆ ಸುಲಭದ ಜಾಗ. ಅಂಥ ಮದ್ದು ತೆಗೆದುಕೊಳ್ಳುವವರು ಅದನ್ನು ದಂತವೈದ್ಯರಿಗೆ ಮೊದಲೇ ಹೇಳಬೇಕು.